ಹೈಸ್ಕೂಲಿನಿಂದ ಮುಂದಕ್ಕೆ: ಡಿಗ್ರಿಯೋ, ಸರ್ಟಿಫಿಕೇಟೋ?

ಪ್ರತಿವರ್ಷವೂ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶವು ಪ್ರಕಟವಾದ ಮರುದಿನ ಬೆಳಗ್ಗೆ ನಮ್ಮ ಆಫೀಸಿನ ಮುಂದಿರುವ ಎರಡು ಬೆಂಚುಗಳೂ ತುಂಬಿಹೋಗುವುವು. ತೇರ್ಗಡೆ ಹೊಂದಿದ ಹುಡುಗಿಯರು ಮಿಠಾಯಿಯ ಪೊಟ್ಟಣವನ್ನು ಹಿಡಿದುಕೊಂಡು ಮೊದಲು ಒಳಕ್ಕೆ ಬರುವರು. ತಂದೆತಾಯಿಗಳು ಅವರ ಹಿಂದೆ ನಿಂತಿರುವರು. ಮಿಠಾಯಿಯನ್ನು ಕೊಟ್ಟು ನಮಸ್ಕಾರ ಮಾಡಿದ ಮೇಲೆ ಮಗಳನ್ನು ಹೊರಕ್ಕೆ ಕಳುಹಿಸಿ, ತಾವು ಕುರ್ಚಿಯ ತುದಿಯಲ್ಲಿ ಕುಳಿತು, "ಅಮ್ಮಾ, ಇನ್ನು ಇವಳನ್ನು ಯಾವುದಕ್ಕೆ ಸೇರಿಸೋಣ?" ಎಂದು ಕೇಳುವರು. ಪ್ರಶ್ನೆಯು ಬಹು ಚಿಕ್ಕದು. ಹೊರಗೆ ಇನ್ನೂ ಇಪ್ಪತ್ತು ಮಂದಿ ಕಾದಿರುವಾಗ ಅದಕ್ಕೆ ಅಷ್ಟೇ ಚಿಕ್ಕದಾದ ಉತ್ತರವನ್ನು ಕೊಟ್ಟು ಕಳುಹಿಸಿ, ಆಮೇಲೆ ನಾವು ಪಶ್ಚಾತ್ತಾಪಪಟ್ಟ ಸಂದರ್ಭಗಳುಂಟು. ಆದುದರಿಂದ ಆ ದಿನ ಹೇಳಲಾಗದ ಮಾತುಗಳನ್ನು ಈ ಸಂಚಿಕೆಯಲ್ಲಿ ನಿಧಾನವಾಗಿ ಬರೆಯಲು ಮನಸ್ಸು ಮಾಡಿದ್ದೇವೆ. ನಮ್ಮ ಪೂರ್ವ ವಿದ್ಯಾರ್ಥಿನಿಯರೂ ಇದನ್ನು ಓದಬೇಕೆಂಬುದು ನಮ್ಮ ಕೋರಿಕೆ. ಏತಕ್ಕೆಂದರೆ ಅವರಲ್ಲಿ ಹಲವರು ಈಗ ತಾಯಂದಿರಾಗಿ ಅದೇ ಬೆಂಚಿನ ಮೇಲೆ ಬಂದು ಕುಳಿತುಕೊಳ್ಳುತ್ತಿದ್ದಾರೆ.

ನಮ್ಮ ಸೀಮೆಯಲ್ಲಿ ಈ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳುಂಟು. ಡಿಗ್ರಿಯೇ ವಿದ್ಯೆ, ಉಳಿದುದೆಲ್ಲವೂ ಕೈಗೆಲಸ ಎಂದು ಕೆಲವರು ಎಣಿಸುವರು. ಮಗಳ ಹೆಸರಿನ ಮುಂದೆ ಬಿ.ಎ. ಎಂದೋ ಬಿ.ಕಾಂ. ಎಂದೋ ಲಗ್ನಪತ್ರಿಕೆಯಲ್ಲಿ ಅಚ್ಚಾದರೆ ಅವರಿಗೆ ತೃಪ್ತಿ. ಹೆಣ್ಣುಮಗುವಿಗೆ ಅಷ್ಟು ದೀರ್ಘವಾದ ಓದು ಏತಕ್ಕೆ, ಬೇಗ ಕೈಗೆ ಬರುವ ಒಂದು ಸರ್ಟಿಫಿಕೇಟು ಸಾಕು, ಅದು ಯಾವುದಾದರೇನು ಎಂಬುದು ಮತ್ತೆ ಕೆಲವರ ಮತ. ಇಬ್ಬರೂ ಕಾಗದದ ಹೆಸರನ್ನು ನೋಡುತ್ತಾರೆಯೇ ಹೊರತು, ಆ ಕಾಗದವನ್ನು ಹಿಡಿದು ಹೋದರೆ ಯಾವ ಬಾಗಿಲು ತೆರೆಯುವುದು, ಯಾವುದು ಮುಚ್ಚುವುದು ಎಂಬುದನ್ನು ನೋಡುವುದಿಲ್ಲ.

ಮೊದಲು ಹೆಸರುಗಳನ್ನು ಬಿಡಿಸಿಕೊಳ್ಳೋಣ. ಡಿಗ್ರಿ ಅಥವಾ ಪದವಿಯೆಂಬುದನ್ನು ವಿಶ್ವವಿದ್ಯಾನಿಲಯವೇ ಕೊಡತಕ್ಕದ್ದು. ಕಾಯಿದೆಯಿಂದ ವಿಶೇಷಾಧಿಕಾರ ಪಡೆದ ಕೆಲವು ಸಂಸ್ಥೆಗಳನ್ನು ಬಿಟ್ಟರೆ, ೧೯೫೬ರ ಯು.ಜಿ.ಸಿ. ಕಾಯಿದೆಯ ಪ್ರಕಾರ ಬೇರೆ ಯಾರಿಗೂ ಆ ಹಕ್ಕಿಲ್ಲ. ನಮ್ಮ ಜಿಲ್ಲೆಯ ಡಿಗ್ರಿ ಕಾಲೇಜುಗಳು ಹಿಂದೆ ಬೆಂಗಳೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದುವು; ಅದು ಪಾಲಾದ ಮೇಲೆ ಕೋಲಾರದಲ್ಲಿರುವ ಬೆಂಗಳೂರು ಉತ್ತರ ವಿಶ್ವವಿದ್ಯಾನಿಲಯಕ್ಕೆ ಸೇರಿದುವು. ಡಿಪ್ಲೊಮಾ ಎಂಬುದನ್ನು ಸಾಮಾನ್ಯವಾಗಿ ಸರ್ಕಾರದ ಇಲಾಖೆ ಅಥವಾ ಪರೀಕ್ಷಾಮಂಡಲಿ ಕೊಡುವುದು: ಪಾಲಿಟೆಕ್ನಿಕ್ಕಿನದು ತಾಂತ್ರಿಕ ಶಿಕ್ಷಣ ಇಲಾಖೆಯದು, ನರ್ಸಿಂಗಿನದು ಶುಶ್ರೂಷಾ ಪರೀಕ್ಷಾಮಂಡಲಿಯದು. ಐ.ಟಿ.ಐ. ಯಲ್ಲಿ ಒಂದು ಅಥವಾ ಎರಡು ವರ್ಷ ಕಲಿತವರಿಗೆ ರಾಷ್ಟ್ರೀಯ ವೃತ್ತಿ ಸರ್ಟಿಫಿಕೇಟು ದೊರೆಯುವುದು. ಇವುಗಳ ಹೊರತು ಬಸ್ ನಿಲ್ದಾಣದ ಗೋಡೆಗಳ ಮೇಲೆ ಅಂಟಿಸಿರುವ ಸರ್ಟಿಫಿಕೇಟುಗಳು ಬೇರೆ. ಅವುಗಳ ವಿಷಯವನ್ನು ಮುಂದೆ ಹೇಳುವೆವು.

ಡಿಗ್ರಿಯಲ್ಲದುದು ಕೀಳು ಎನ್ನುವವರಿಗೆ ನಾವು ನಮ್ಮ ಜಿಲ್ಲೆಯ ಮುದ್ದೇನಹಳ್ಳಿಯನ್ನು ನೆನಪಿಗೆ ತರುವುದುಂಟು. ಸರ್ ಎಂ. ವಿಶ್ವೇಶ್ವರಯ್ಯನವರು ೧೮೮೧ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ ಬಿ.ಎ. ಪದವಿಯನ್ನು ಪಡೆದರು. ಆದರೆ ಅವರನ್ನು ಎಂಜಿನಿಯರರನ್ನಾಗಿ ಮಾಡಿದುದು ಆ ಪದವಿಯಲ್ಲ. ೧೮೮೩ರಲ್ಲಿ ಪುಣೆಯ ಸೈನ್ಸ್ ಕಾಲೇಜಿನಿಂದ ಬಂದ ಎಲ್.ಸಿ.ಇ. ಎಂಬುದು. ಅದರ ಮೊದಲನೆಯ ಅಕ್ಷರವು ಲೈಸೆನ್ಷಿಯೇಟ್ ಎಂಬುದರ ಗುರುತು. ಎಂದರೆ ಈ ಕೆಲಸವನ್ನು ಮಾಡಲು ಈತನು ಯೋಗ್ಯನು ಎಂದು ಕೊಡುವ ಅನುಜ್ಞೆ. ಮುಂದೆ ೧೯೪೩ರಲ್ಲಿ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಆರಂಭವಾದುದು ಅವರ ಪ್ರಯತ್ನದಿಂದಲೇ. ಅಲ್ಲಿ ಕೊಡುತ್ತಿದ್ದುದು ಡಿಗ್ರಿಯನ್ನಲ್ಲ, ಕಸುಬಿನ ವಿದ್ಯೆಯನ್ನು. ಅದು ಇಂದು ಸರ್ಕಾರಿ ಪಾಲಿಟೆಕ್ನಿಕ್ಕಾಗಿದೆ.

ಈಗ ವಯಸ್ಸಿನ ಲೆಕ್ಕ. ಹುಡುಗರ ವಿಷಯದಲ್ಲಿ ಈ ಲೆಕ್ಕವನ್ನು ಯಾರೂ ಹಾಕುವುದಿಲ್ಲ. ಹುಡುಗಿಯರ ವಿಷಯದಲ್ಲಿ ಎಲ್ಲರೂ ಮನಸ್ಸಿನೊಳಗೇ ಹಾಕುತ್ತಿರುವರು. ಆದುದರಿಂದ ನಾವು ಅದನ್ನು ಬಾಯಿಬಿಟ್ಟೇ ಹೇಳುವೆವು. ಹುಡುಗಿಯು ಹದಿನಾರನೆಯ ವರ್ಷದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸುವಳೆಂದು ಇಟ್ಟುಕೊಳ್ಳೋಣ. ಐ.ಟಿ.ಐ. ಗೆ ಹೋದರೆ ಹದಿನೇಳಕ್ಕೋ ಹದಿನೆಂಟಕ್ಕೋ ಕಲಿತು ಬರುವಳು. ಪಾಲಿಟೆಕ್ನಿಕ್ಕಿನ ಮೂರು ವರ್ಷ ಮುಗಿಯುವಾಗ ಹತ್ತೊಂಬತ್ತು. ಪಿ.ಯು.ಸಿ. ಗೆ ಹೋದರೆ ಹದಿನೆಂಟಕ್ಕೆ ಅದು ಮುಗಿದು, ಅಲ್ಲಿಂದ ಬಿ.ಎ., ಬಿ.ಕಾಂ., ಬಿ.ಎಸ್‌ಸಿ. ಗಳಿಗೆ ಇಪ್ಪತ್ತೊಂದು, ಪ್ರಾಥಮಿಕ ಶಾಲೆಯ ಶಿಕ್ಷಕಿಯರ ಡಿ.ಎಲ್.ಎಡ್. ಗೆ ಇಪ್ಪತ್ತು, ಜಿ.ಎನ್.ಎಂ. ಎಂಬ ನರ್ಸಿಂಗ್ ಡಿಪ್ಲೊಮಾಕ್ಕೆ ಇಪ್ಪತ್ತೊಂದು, ಬಿ.ಎಸ್‌ಸಿ. ನರ್ಸಿಂಗಿಗೆ ಇಪ್ಪತ್ತೆರಡು, ಬಿ.ಎ. ಆದ ಮೇಲೆ ಬಿ.ಎಡ್. ಮಾಡುವುದಾದರೆ ಇಪ್ಪತ್ತಮೂರು. ೨೦೧೫ರಿಂದ ಬಿ.ಎಡ್. ಎರಡು ವರ್ಷದ್ದಾಗಿರುವುದನ್ನು ಹಲವು ತಂದೆಗಳು ಇನ್ನೂ ಅರಿತಿಲ್ಲ.

ಈ ಅಂಕಿಗಳಲ್ಲಿ ಹದಿನೆಂಟು ಎಂಬುದೇ ಅಪಾಯಕರವಾದುದು. ಪಿ.ಯು.ಸಿ. ಮುಗಿಯುವುದೂ, ಮದುವೆಗೆ ಕಾಯಿದೆಯ ಅಡ್ಡಿ ಕಳೆಯುವುದೂ ಒಂದೇ ವರ್ಷದಲ್ಲಿ. ಪಿ.ಯು.ಸಿ. ಯೆಂಬುದು ತಾನಾಗಿ ಯಾವ ಕಸುಬನ್ನೂ ಕಲಿಸುವುದಿಲ್ಲ. ಅದು ಮುಂದಿನ ಓದಿಗೆ ಮೆಟ್ಟಿಲು ಮಾತ್ರ. ಮೆಟ್ಟಿಲಿನ ಮೇಲೆಯೇ ನಿಂತುಬಿಟ್ಟ ನಮ್ಮ ಹುಡುಗಿಯರು ಎಷ್ಟು ಮಂದಿಯೋ! ಪಾಲಿಟೆಕ್ನಿಕ್ಕಿಗೆ ಹೋದವಳನ್ನು ಹದಿನೆಂಟನೆಯ ವರ್ಷದಲ್ಲಿ ಓದು ಬಿಡಿಸಲು ಮನೆಯವರಿಗೆ ಮನಸ್ಸು ಬರುವುದಿಲ್ಲ. ಇನ್ನೊಂದೇ ವರ್ಷವಿದೆ, ಮುಗಿಸಲಿ ಎನ್ನುವರು. ಪಿ.ಯು.ಸಿ. ಗೆ ಸೇರಿಸುವ ತಂದೆತಾಯಿಗಳಾದರೋ ಮುಂದಿನ ಹೆಜ್ಜೆ ಯಾವುದೆಂದು ಸೇರಿಸುವ ದಿನವೇ ನಿಶ್ಚಯಿಸಿ, ಮಗಳಿಗೂ ಹೇಳಿಟ್ಟಿರಬೇಕು.

ನಾವು ಸ್ವತಃ ನಡೆದುಬಂದ ದಾರಿಯನ್ನು ಇಲ್ಲಿ ಹೇಳಿದರೆ ಆತ್ಮಸ್ತುತಿಯಾಗಲಾರದೆಂದು ನಂಬುತ್ತೇವೆ; ಏಕೆಂದರೆ ಆ ದಾರಿಯನ್ನು ನಾವು ಆರಿಸಿಕೊಂಡುದಲ್ಲ. ೧೯೯೭ರಲ್ಲಿ ಪಿ.ಯು.ಸಿ. ತೇರ್ಗಡೆಯಾದಾಗ ಬಿ.ಎಸ್‌ಸಿ. ಓದಬೇಕೆಂಬ ಆಸೆ ನಮಗಿತ್ತು. ತಂದೆಯವರು ಮಿಷನ್ ಬೋರ್ಡಿಂಗಿನಲ್ಲಿ ಅಡಿಗೆಯ ಕೆಲಸದಲ್ಲಿದ್ದರು. ನಮ್ಮ ಕೆಳಗೆ ಮೂವರು ತಂಗಿಯರು. ಬೋರ್ಡಿಂಗಿನ ಮೇಲ್ವಿಚಾರಕಿಯವರು ಆಗಿದ್ದ ಟಿ.ಸಿ.ಎಚ್. ಎಂಬ ಉಪಾಧ್ಯಾಯರ ಸರ್ಟಿಫಿಕೇಟಿನ ಅರ್ಜಿಯನ್ನು ತಾವೇ ತುಂಬಿ, ರುಜು ಮಾಡೆಂದು ನಮ್ಮ ಮುಂದಿಟ್ಟರು. ಆ ರಾತ್ರಿ ದಿಂಬಿಗೆ ಮುಖವಿಟ್ಟು ಅತ್ತುದು ಇಂದಿಗೂ ನೆನಪಿದೆ. ಎರಡು ವರ್ಷ ಕಳೆದು, ಇಪ್ಪತ್ತನೆಯ ವಯಸ್ಸಿನಲ್ಲಿ ಒಂದನೆಯ ತರಗತಿಯ ಅರುವತ್ತು ಮಕ್ಕಳ ಮುಂದೆ ನಿಂತೆವು. ಮೊದಲನೆಯ ಸಂಬಳದಲ್ಲಿ ತಂಗಿಯ ಪರೀಕ್ಷೆಯ ಫೀಜು ಕಟ್ಟಿದೆವು. ಅನಂತರ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಬಿ.ಎ. ಗೆ ಹೆಸರು ಕೊಟ್ಟೆವು. ಮೂರು ವರ್ಷದ ಓದು ಐದು ವರ್ಷ ಹಿಡಿಯಿತು; ನಡುವೆ ಜನಗಣತಿಯ ಕೆಲಸ, ಮದುವೆ, ಒಂದು ಹೆರಿಗೆ. ಆಮೇಲೆ ಸಂಬಳವಿಲ್ಲದ ರಜೆಯ ಮೇಲೆ ಬಿ.ಎಡ್.

ಆ ಮೇಲ್ವಿಚಾರಕಿಯವರು ಮಾಡಿದುದು ಸರಿಯೇ ಎಂದು ಕೇಳಿದರೆ, ಬಹುಮಟ್ಟಿಗೆ ಸರಿ ಎನ್ನುವೆವು. ಆ ಸರ್ಟಿಫಿಕೇಟು ನಮ್ಮ ಮನೆಯನ್ನು ನಿಲ್ಲಿಸಿತು; ಮುಂದಿನ ಬಾಗಿಲನ್ನೂ ಮುಚ್ಚಲಿಲ್ಲ. ಆದರೆ ಒಂದು ಬಾಗಿಲನ್ನು ಮಾತ್ರ ಮುಚ್ಚಿತು. ಹಗಲೆಲ್ಲ ಪಾಠ ಹೇಳಿ ಸಂಜೆ ಸೀಮೆಎಣ್ಣೆಯ ದೀಪದ ಮುಂದೆ ಚರಿತ್ರೆಯನ್ನು ಓದಬಹುದು. ರಸಾಯನಶಾಸ್ತ್ರವನ್ನು ಓದಲಾಗದು, ಅದಕ್ಕೆ ಲ್ಯಾಬೊರೇಟರಿ ಬೇಕು. ನಮ್ಮ ಶಾಲೆಯ ಲ್ಯಾಬೊರೇಟರಿಯಲ್ಲಿ ಹುಡುಗಿಯರು ಪ್ರನಾಳವನ್ನು ಹಿಡಿದು ನಿಂತಿರುವುದನ್ನು ಕಿಟಕಿಯಿಂದ ನೋಡುವಾಗ ಈ ಮಾತು ಮನಸ್ಸಿಗೆ ಬರುವುದುಂಟು. ಆದುದರಿಂದ ವಿಜ್ಞಾನದಲ್ಲಿ ನಿಜವಾದ ಆಸಕ್ತಿಯೂ ಶಕ್ತಿಯೂ ಉಳ್ಳ ಹುಡುಗಿಯನ್ನು, ಆಮೇಲೆ ಓದಿಕೊಳ್ಳಲಿ ಎಂದು ಬೇರೆ ದಾರಿಗೆ ಹಾಕಬೇಡಿರಿ. ಆಮೇಲೆ ಎಂಬುದು ಕಲಾವಿಷಯಗಳಿಗೆ ಉಂಟು, ವಿಜ್ಞಾನಕ್ಕೆ ಬಹಳ ಕಷ್ಟ.

ಉಪಾಧ್ಯಾಯ ವೃತ್ತಿಯ ಮಾತು ಬಂದುದರಿಂದ ಒಂದು ಹೊಸ ಸಂಗತಿಯನ್ನು ತಿಳಿಸಬೇಕು. ದೊಡ್ಡ ಪದವಿಯಿದ್ದರೆ ಚಿಕ್ಕ ಸರ್ಟಿಫಿಕೇಟಿನ ಕೆಲಸವೂ ದೊರೆಯುವುದೆಂದು ಜನರ ಭಾವನೆ. ೨೦೨೩ನೆಯ ಇಸವಿ ಆಗಸ್ಟ್ ತಿಂಗಳಿನಲ್ಲಿ ಸುಪ್ರೀಂ ಕೋರ್ಟು, ಒಂದರಿಂದ ಐದನೆಯ ತರಗತಿಯವರೆಗೆ ಪಾಠ ಹೇಳಲು ಬಿ.ಎಡ್. ಪದವಿಯು ಅರ್ಹತೆಯಾಗಲಾರದು, ಅದಕ್ಕೆಂದೇ ಇರುವ ಡಿಪ್ಲೊಮಾ ಬೇಕು ಎಂದು ತೀರ್ಪು ಕೊಟ್ಟಿತು. ಚಿಕ್ಕ ಮಕ್ಕಳಿಗೆ ಅಕ್ಷರ ಕಲಿಸುವುದು ಬೇರೆಯ ವಿದ್ಯೆ ಎಂಬುದನ್ನು ಒಂದನೆಯ ತರಗತಿಯಲ್ಲಿ ನಿಂತವರೆಲ್ಲರೂ ಬಲ್ಲರು. ಈಗ ನ್ಯಾಯಾಸ್ಥಾನವೂ ಹೇಳಿದಂತಾಯಿತು. ಎಂದರೆ ಹದಿನೆಂಟರ ಹುಡುಗಿಯು ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಲು ಬಯಸಿದರೆ ಅವಳ ದಾರಿ ಬಿ.ಎ., ಬಿ.ಎಡ್. ಅಲ್ಲ, ಡಿ.ಎಲ್.ಎಡ್. ಮತ್ತು ಟಿ.ಇ.ಟಿ. ಪರೀಕ್ಷೆ. ಹೈಸ್ಕೂಲಿನಲ್ಲಿ ಪಾಠ ಹೇಳಬೇಕೆಂದರೆ ಪದವಿಯೂ ಬಿ.ಎಡ್. ಉ ಇಲ್ಲದೆ ಆಗದು. ಯಾವ ಮಕ್ಕಳಿಗೆ ಕಲಿಸುವ ಮನಸ್ಸಿದೆ ಎಂಬುದನ್ನು ಮೊದಲು ಕೇಳಬೇಕು. ಯಾವ ಕಾಗದ ದೊಡ್ಡದು ಎಂಬುದನ್ನಲ್ಲ.

ಇನ್ನು ಗೋಡೆಯ ಮೇಲಿನ ಸರ್ಟಿಫಿಕೇಟುಗಳ ವಿಷಯ. ಈ ಲೇಖನಕ್ಕೆ ನಿಜವಾದ ಕಾರಣಳು ನಮ್ಮ ಒಬ್ಬ ಪೂರ್ವ ವಿದ್ಯಾರ್ಥಿನಿ. ಕೆಲವು ವರ್ಷಗಳ ಹಿಂದೆ ಅವಳು ಎಸ್.ಎಸ್.ಎಲ್.ಸಿ. ಮುಗಿಸಿ, ನರ್ಸಾಗಬೇಕೆಂಬ ಆಸೆಯಿಂದ, ಒಂದು ಊರಿನಲ್ಲಿ ಅಂಗಡಿಗಳ ಮೇಲಿನ ಎರಡು ಕೋಣೆಗಳಲ್ಲಿ ನಡೆಯುತ್ತಿದ್ದ ನರ್ಸಿಂಗ್ ಕೋರ್ಸಿಗೆ ಸೇರಿದಳು. ಬೋರ್ಡಿನ ಮೇಲೆ ಸರ್ಕಾರದಿಂದ ಮಾನ್ಯತೆ ಪಡೆದುದು ಎಂದು ಬರೆದಿತ್ತು. ತಂದೆಯು ಕರೆಯುವ ಎರಡು ಹಸುಗಳನ್ನು ಮಾರಿ ಫೀಜು ಕಟ್ಟಿದನು. ಹದಿನೆಂಟು ತಿಂಗಳ ಮೇಲೆ ಚಿನ್ನದ ಬಣ್ಣದ ಮುದ್ರೆಯುಳ್ಳ ದಪ್ಪ ಕಾಗದದ ಸರ್ಟಿಫಿಕೇಟು ಬಂದಿತು. ಒಂದು ಖಾಸಗಿ ಆಸ್ಪತ್ರೆಯಲ್ಲಿ ಬಿಳಿಯ ಉಡುಪು ಹಾಕಿಕೊಂಡು ಮೂರು ವರ್ಷ ರಾತ್ರಿ ಪಾಳಿ ಮಾಡಿದಳು. ಆಮೇಲೆ ಸರ್ಕಾರಿ ಆಸ್ಪತ್ರೆಯ ಕೆಲಸಕ್ಕೆ ಅರ್ಜಿ ಹಾಕಲು ಹೋದಾಗ ಶುಶ್ರೂಷಾ ಪರಿಷತ್ತಿನ ನೋಂದಣಿಯ ಸಂಖ್ಯೆಯನ್ನು ಕೇಳಿದರು. ಅವಳಿಗೆ ಅದು ಇರಲಿಲ್ಲ, ಬರುವಂತೆಯೂ ಇರಲಿಲ್ಲ. ಆ ಸಂಸ್ಥೆಗೆ ಮಾನ್ಯತೆಯೇ ಇರಲಿಲ್ಲ. ಆಗ ಅವಳಿಗೆ ಇಪ್ಪತ್ತೊಂದು ವರ್ಷ. ಹೊರಗಿನ ಅಭ್ಯರ್ಥಿಯಾಗಿ ಪಿ.ಯು.ಸಿ. ಬರೆದು, ಅನಂತರ ನಿಜವಾದ ಜಿ.ಎನ್.ಎಂ. ಶಾಲೆಗೆ ತನಗಿಂತ ಐದು ವರ್ಷ ಚಿಕ್ಕವರೊಡನೆ ಸೇರಿ, ಈಗ ನೋಂದಾಯಿತ ನರ್ಸಾಗಿದ್ದಾಳೆ.

ಆ ಮೊದಲನೆಯ ಪ್ರವೇಶಕ್ಕೆ ಬೇಕಾದ ನಕಲುಗಳಿಗೆ ದೃಢೀಕರಣದ ರುಜು ಹಾಕಿದವರು ನಾವೇ. ಯಾವ ಸಂಸ್ಥೆ, ಯಾರ ಪರೀಕ್ಷೆ ಎಂದು ಒಂದು ಮಾತೂ ಕೇಳಲಿಲ್ಲ. ಅವಳು ನಮ್ಮನ್ನು ಎಂದೂ ದೂರಿಲ್ಲ. ಅದರಿಂದ ನಮಗೆ ಸಮಾಧಾನವಾಗುವುದಿಲ್ಲ. ಅಂದಿನಿಂದ ರುಜು ಹಾಕುವ ಮುಂಚೆ ಕೆಲವು ಪ್ರಶ್ನೆಗಳನ್ನು ಕೇಳುತ್ತೇವೆ. ಪರೀಕ್ಷೆಯನ್ನು ನಡೆಸುವವರು ಯಾರು? ಕಲಿಸುವವರೇ ಪರೀಕ್ಷೆ ನಡೆಸಿ ತಾವೇ ಸರ್ಟಿಫಿಕೇಟು ಕೊಡುವುದಾದರೆ ಅಲ್ಲಿಯೇ ಎಚ್ಚರಗೊಳ್ಳಬೇಕು. ಕಲಿತವಳ ಹೆಸರು ಯಾವುದಾದರೂ ರಿಜಿಸ್ಟರಿನಲ್ಲಿ ಏರುವುದೇ? ನರ್ಸಿಂಗಿಗೆ ರಾಜ್ಯ ಶುಶ್ರೂಷಾ ಪರಿಷತ್ತು, ಲ್ಯಾಬ್ ಟೆಕ್ನಿಷಿಯನ್ ಮುಂತಾದುವುಗಳಿಗೆ ಅರೆವೈದ್ಯಕೀಯ ಮಂಡಲಿ, ಹೀಗೆ ಒಂದೊಂದಕ್ಕೂ ಉಂಟು. ಮಾನ್ಯತೆ ಯಾವ ವರ್ಷದ್ದು? ಇದೂ ಮುಖ್ಯ. ನಾವು ಓದಿದ ಮುಕ್ತ ವಿಶ್ವವಿದ್ಯಾನಿಲಯಕ್ಕೇ ೨೦೧೩–೧೪ರಿಂದ ಕೆಲವು ವರ್ಷ ಯು.ಜಿ.ಸಿ. ಯ ಮಾನ್ಯತೆ ಇಲ್ಲದೆ, ೨೦೧೮ರಲ್ಲಿ ಮತ್ತೆ ದೊರೆಯಿತು. ನಡುವಿನ ವರ್ಷಗಳಲ್ಲಿ ಸೇರಿದವರ ಆತಂಕವು ಪತ್ರಿಕೆಗಳನ್ನು ಓದಿದವರಿಗೆಲ್ಲ ತಿಳಿದಿದೆ. ನರ್ಸಿಂಗನ್ನಾಗಲಿ ಎಂಜಿನಿಯರಿಂಗನ್ನಾಗಲಿ ಅಂಚೆಯ ಮೂಲಕ ಕಲಿಸುವೆವೆಂದು ಯಾರಾದರೂ ಹೇಳಿದರೆ ಮುಂದೆ ಕೇಳುವ ಅವಶ್ಯವಿಲ್ಲ. ಅವುಗಳಿಗೆ ದೂರಶಿಕ್ಷಣದಲ್ಲಿ ಅನುಮತಿಯೇ ಇಲ್ಲ.

ಮಾನ್ಯತೆಯ ಚಿಂತೆಯು ಇಂದಿನದಲ್ಲ. ನಮ್ಮ ಹಿರಿಯ ಹೆಂಗಸರಲ್ಲಿ ಕೆಲವರಿಗೆ ಪರಿಚಿತವಾದ ವೆಲ್ಲೂರಿನ ಚರಿತ್ರೆಯನ್ನು ನೋಡಿರಿ. ಡಾಕ್ಟರ್ ಐಡಾ ಸ್ಕಡ್ಡರರು ಅಲ್ಲಿ ೧೯೦೯ರಲ್ಲಿ ನರ್ಸುಗಳ ಶಾಲೆಯನ್ನೂ, ೧೯೧೮ರಲ್ಲಿ ಹೆಂಗಸರಿಗಾಗಿಯೇ ಒಂದು ವೈದ್ಯಕೀಯ ಶಾಲೆಯನ್ನೂ ತೆರೆದರು. ವೈದ್ಯಕೀಯ ಶಾಲೆಯಲ್ಲಿ ದೊರೆಯುತ್ತಿದ್ದುದು ಎಲ್.ಎಂ.ಪಿ. ಎಂಬ ಡಿಪ್ಲೊಮಾ. ಅದನ್ನು ಪಡೆದ ಹೆಂಗಸರು ಹಳ್ಳಿಹಳ್ಳಿಗಳಲ್ಲಿ ಹೆರಿಗೆಗಳನ್ನು ಮಾಡಿಸಿ ಪ್ರಾಣಗಳನ್ನು ಉಳಿಸಿದರು. ಆದರೂ ೧೯೩೦ರ ದಶಕದ ಕೊನೆಯಲ್ಲಿ ಮದರಾಸು ಸರ್ಕಾರವು ಇನ್ನು ಮುಂದೆ ಎಂ.ಬಿ.ಬಿ.ಎಸ್. ಪದವಿಯೇ ಆಗಬೇಕೆಂದು ನಿಯಮ ಮಾಡಿದಾಗ, ಶಾಲೆಯನ್ನು ಮುಚ್ಚುವ ಪ್ರಸಂಗವೇ ಒದಗಿತು. ವೃದ್ಧರಾಗಿದ್ದ ಆ ಮಹಿಳೆಯು ಅಮೆರಿಕಕ್ಕೆ ಹೋಗಿ ಹಣವನ್ನು ಕೂಡಿಸಿದರು, ೧೯೪೨ರಲ್ಲಿ ಎಂ.ಬಿ.ಬಿ.ಎಸ್. ಆರಂಭವಾಯಿತು, ೧೯೪೬ರಲ್ಲಿ ನರ್ಸಿಂಗಿನಲ್ಲಿಯೂ ಪದವಿ ಬಂದಿತು. ಕೆಲಸವು ಎಷ್ಟೇ ಶ್ರೇಷ್ಠವಾಗಿದ್ದರೂ ನಿಯಮವು ಬದಲಾದಾಗ ಕೈಯಲ್ಲಿರುವ ಕಾಗದದ ಬೆಲೆಯೂ ಬದಲಾಗುವುದು. ಹೀಗಿರುವುದರಿಂದಲೇ ಸರ್ಟಿಫಿಕೇಟನ್ನು ಆರಿಸುವಾಗ ಅದರಿಂದ ಮೇಲಕ್ಕೆ ಏರುವ ಏಣಿಯುಂಟೇ ಎಂದು ನೋಡಬೇಕಾಗಿರುವುದು. ಇಂದು ಜಿ.ಎನ್.ಎಂ. ಮಾಡಿದವಳು ಮತ್ತೆರಡು ವರ್ಷ ಓದಿ ಬಿ.ಎಸ್‌ಸಿ. ಪದವಿಯನ್ನು ಪಡೆಯಬಹುದು, ಅಲ್ಲಿ ಏಣಿಯಿದೆ.

ಪಾಲಿಟೆಕ್ನಿಕ್ಕಿನ ಏಣಿಯು ಇನ್ನೂ ಗಟ್ಟಿಯಾದುದು. ಆದರೆ ನಮ್ಮ ಹುಡುಗಿಯರು ಅತ್ತ ತಿರುಗಿಯೂ ನೋಡುವುದಿಲ್ಲವೆಂಬುದು ನಮ್ಮ ದೊಡ್ಡ ಕೊರಗು. ಎಸ್.ಎಸ್.ಎಲ್.ಸಿ. ಯಿಂದ ನೇರವಾಗಿ ಸೇರಬಹುದು. ಐ.ಟಿ.ಐ. ಯಲ್ಲಿ ಎರಡು ವರ್ಷದ ವೃತ್ತಿಯನ್ನು ಕಲಿತವರು ಡಿಪ್ಲೊಮಾದ ಎರಡನೆಯ ವರ್ಷಕ್ಕೆ ಸೇರಬಹುದು. ಡಿಪ್ಲೊಮಾ ಮುಗಿಸಿದವರು ಡಿ.ಸಿ.ಇ.ಟಿ. ಎಂಬ ಪ್ರವೇಶಪರೀಕ್ಷೆಯನ್ನು ಬರೆದು ಬಿ.ಇ. ಯ ಎರಡನೆಯ ವರ್ಷಕ್ಕೇ ಸೇರಬಹುದು. ಎಂದರೆ ಚಿಂತಾಮಣಿಯ ಸರ್ಕಾರಿ ಪಾಲಿಟೆಕ್ನಿಕ್ಕಿನಲ್ಲಿ ಓದಿದ ಹುಡುಗಿಯು, ಮನೆಯ ಸ್ಥಿತಿ ಅನುಕೂಲವಾಗಿದ್ದರೆ, ಚಿಕ್ಕಬಳ್ಳಾಪುರದಲ್ಲಿಯೇ ಇರುವ ಎಂಜಿನಿಯರಿಂಗ್ ಕಾಲೇಜಿಗೆ ಹೋಗಬಹುದು. ಅನುಕೂಲವಿಲ್ಲದಿದ್ದರೆ ಹತ್ತೊಂಬತ್ತಕ್ಕೇ ಕೆಲಸಕ್ಕೆ ಸೇರಬಹುದು. ಎರಡು ಮಾರ್ಗಗಳೂ ಅವಳ ಕೈಯಲ್ಲಿರುವುವು. 'ಗಂಡುಹುಡುಗರ ಓದು' ಎಂದು ತಾಯಂದಿರು ಆಕ್ಷೇಪಿಸುವುದುಂಟು. ರಾತ್ರಿಯೆಲ್ಲ ಎಚ್ಚರವಿದ್ದು ಹುಳುವಿಗೆ ಸೊಪ್ಪು ಹಾಕುವ, ಗೂಡು ಬಿಡಿಸುವ ಕೈಗಳಿಗೆ ಎಲೆಕ್ಟ್ರಾನಿಕ್ಸಿನ ತಂತಿ ಭಾರವಾಗುವುದೇ ಎಂದು ನಾವು ಕೇಳುತ್ತೇವೆ.

ಹುಳುವಿನ ಮಾತು ಬಂದಿತು. ನಮ್ಮ ಜಿಲ್ಲೆಯು ರೇಷ್ಮೆಯ ಜಿಲ್ಲೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯನ್ನು ನೋಡದ ರೈತನಿಲ್ಲ. ಚಿಂತಾಮಣಿಯ ಬಳಿಯ ಕುರುಬೂರಿನಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯಕ್ಕೆ ಸೇರಿದ ರೇಷ್ಮೆ ಕೃಷಿ ಮಹಾವಿದ್ಯಾಲಯವಿದೆ. ಅಲ್ಲಿ ರೇಷ್ಮೆ ಕೃಷಿಯಲ್ಲಿಯೇ ನಾಲ್ಕು ವರ್ಷದ ಪದವಿಯನ್ನು ಪಡೆಯಬಹುದು. ಪಿ.ಯು.ಸಿ. ಯಲ್ಲಿ ವಿಜ್ಞಾನವನ್ನು ಓದಿ ಸಿ.ಇ.ಟಿ. ಬರೆಯಬೇಕು. ವ್ಯವಸಾಯಗಾರರ ಮಕ್ಕಳಿಗೆ ಪ್ರತ್ಯೇಕ ಪಾಲುಂಟು; ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೊಂದನ್ನು ಮಾಡುವರು. ಬೀಜ, ಗೊಬ್ಬರ, ಕೀಟಗಳನ್ನು ಗುರುತಿಸುವ ಆ ಪರೀಕ್ಷೆಯಲ್ಲಿ ಪಟ್ಟಣದ ಹುಡುಗಿಗಿಂತ ನಮ್ಮ ಹಳ್ಳಿಯ ಹುಡುಗಿಯೇ ಮುಂದು. ಮನೆಯಲ್ಲಿ ಹಿಪ್ಪುನೇರಳೆಯ ತೋಟವುಳ್ಳ ತಂದೆಯು ಮಗಳನ್ನು ಬೆಂಗಳೂರಿನ ಗೊತ್ತುಗುರಿಯಿಲ್ಲದ ಕೋರ್ಸಿಗೆ ಕಳುಹಿಸುವ ಮುಂಚೆ ಒಮ್ಮೆ ಕುರುಬೂರಿಗೆ ಹೋಗಿ ನೋಡಿಬರಲಿ.

ಪತ್ರಿಕೆಗಳಲ್ಲಿ ಸಮುದಾಯ ಕಾಲೇಜು ಎಂಬ ಹೆಸರನ್ನು ಕೆಲವರು ಓದಿರಬಹುದು. ಅಮೆರಿಕದಲ್ಲಿ ೧೯೦೧ರಲ್ಲಿ ಜೋಲಿಯೆಟ್ ಎಂಬ ಊರಿನಲ್ಲಿ ಆರಂಭವಾದ ಪದ್ಧತಿಯಿದು. ಊರಿನ ಸಮೀಪದಲ್ಲಿಯೇ ಕಡಿಮೆ ಖರ್ಚಿನಲ್ಲಿ ಎರಡು ವರ್ಷ ಓದಿ, ಬೇಕಾದವರು ಕಸುಬಿಗೆ ಹೋಗುವರು, ಬೇಕಾದವರು ಆ ಎರಡು ವರ್ಷದ ಓದನ್ನು ಲೆಕ್ಕಕ್ಕೆ ಹಿಡಿಸಿಕೊಂಡು ದೊಡ್ಡ ವಿಶ್ವವಿದ್ಯಾನಿಲಯದಲ್ಲಿ ಪದವಿಯನ್ನು ಪೂರೈಸುವರು. ನಮ್ಮ ದೇಶದಲ್ಲಿ ೧೯೯೫ರಲ್ಲಿ ಪುದುಚೇರಿಯಲ್ಲಿಯೂ ಮರುವರ್ಷ ಮದರಾಸಿನಲ್ಲಿಯೂ ಇಂಥವು ಹುಟ್ಟಿದುವು, ಅನಂತರ ಯು.ಜಿ.ಸಿ. ಯು ಇರುವ ಕಾಲೇಜುಗಳಲ್ಲಿಯೇ ಇಂತಹ ಕೋರ್ಸುಗಳಿಗೂ, ಬಿ.ವೋಕ್. ಎಂಬ ಪದವಿಗೂ ಅವಕಾಶ ಮಾಡಿತು. ಬಿ.ವೋಕ್. ನಲ್ಲಿ ಒಂದು ವರ್ಷಕ್ಕೆ ಡಿಪ್ಲೊಮಾ, ಎರಡಕ್ಕೆ ಉನ್ನತ ಡಿಪ್ಲೊಮಾ, ಮೂರಕ್ಕೆ ಪದವಿ. ನಡುವೆ ನಿಂತವಳಿಗೂ ಕೈಯಲ್ಲಿ ಒಂದು ಕಾಗದ ಉಳಿಯುವುದು. ನಮ್ಮ ರಾಜ್ಯದ ಸಾಮಾನ್ಯ ಡಿಗ್ರಿಯಲ್ಲಿಯೂ ೨೦೨೧ರಿಂದ ಇದೇ ಬಗೆಯ ಏರ್ಪಾಡು ಬಂದು, ಒಂದು ವರ್ಷಕ್ಕೆ ಸರ್ಟಿಫಿಕೇಟು, ಎರಡಕ್ಕೆ ಡಿಪ್ಲೊಮಾ ಎಂದಾಗಿತ್ತು. ೨೦೨೪ರಲ್ಲಿ ಸರ್ಕಾರವು ಅದನ್ನು ಬಿಟ್ಟು ಹಿಂದಿನ ಮೂರು ವರ್ಷದ ಪದವಿಗೆ ಮರಳಿತು. ಮದುವೆಗೋ ಬಾಣಂತನಕ್ಕೋ ನಡುವೆ ನಿಲ್ಲಬೇಕಾಗುವ ಹುಡುಗಿಯರನ್ನು ನೆನೆದರೆ, ಅದರಲ್ಲಿ ಆ ಒಂದು ಅಂಶವನ್ನಾದರೂ ಉಳಿಸಿಕೊಳ್ಳಬಹುದಾಗಿತ್ತೆಂದು ನಮಗೆ ತೋರುವುದು.

ಹಾಗಾದರೆ ಸಾಮಾನ್ಯ ಡಿಗ್ರಿಯು ಯಾರಿಗೆ? ಉಪಾಧ್ಯಾಯಿನಿ, ವಕೀಲೆ, ಬ್ಯಾಂಕಿನ ಅಧಿಕಾರಿ, ಗೆಜೆಟೆಡ್ ಹುದ್ದೆಯವರು, ಇವರಾಗಬೇಕೆನ್ನುವವರಿಗೆ ಅದಿಲ್ಲದೆ ನಡೆಯದು. ಓದಿನಲ್ಲಿ ರುಚಿಯುಳ್ಳವಳಿಗೆ ಅದು ಬೇಕೇ ಬೇಕು; ಲಾಭನಷ್ಟಗಳ ಲೆಕ್ಕ ಅವಳಿಗಲ್ಲ. ಗೌರಿಬಿದನೂರಿನಲ್ಲಿಯೇ ಸರ್ಕಾರಿ ಪ್ರಥಮ ದರ್ಜೆ ಕಾಲೇಜೂ ನ್ಯಾಷನಲ್ ಕಾಲೇಜೂ ಇರುವುದರಿಂದ ಊರು ಬಿಡುವ ಅವಶ್ಯವಿಲ್ಲ. ಆದರೆ ಹತ್ತಿರವಿದೆ ಎಂಬ ಒಂದೇ ಕಾರಣದಿಂದ, ವಿಷಯಗಳನ್ನು ಗೆಳತಿಯನ್ನು ನೋಡಿ ಆರಿಸಿಕೊಂಡು, ಮೂರು ವರ್ಷವನ್ನು ಕಳೆಯುವುದು ಬೇಡ. ಭಾಷೆಯ ಮಾತನ್ನೂ ಮರೆಯಬಾರದು. ನಮ್ಮ ತಾಲ್ಲೂಕಿನ ಎಷ್ಟೋ ಮನೆಗಳಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕಾಲೇಜಿನ ವಿಜ್ಞಾನದಲ್ಲಿ ಇಂಗ್ಲಿಷು. ಶಾಲೆಯಲ್ಲಿ ತೊಂಬತ್ತು ಅಂಕ ಪಡೆದವಳು ಕಾಲೇಜಿನ ಮೊದಲ ಪರೀಕ್ಷೆಯಲ್ಲಿ ಕುಸಿದು, ತನಗೆ ಬುದ್ಧಿಯೇ ಇಲ್ಲವೆಂದು ಅಳುತ್ತಾ ಬಂದುದನ್ನು ಕಂಡಿದ್ದೇವೆ. ಕೊರತೆಯಿದ್ದುದು ಬುದ್ಧಿಯಲ್ಲಿ ಅಲ್ಲ. ಫಲಿತಾಂಶಕ್ಕೂ ಕಾಲೇಜಿನ ಆರಂಭಕ್ಕೂ ನಡುವಿನ ವಾರಗಳಲ್ಲಿ ದಿನಕ್ಕೆ ಒಂದು ಗಂಟೆ ಇಂಗ್ಲಿಷ್ ಪಾಠಗಳನ್ನು ಗಟ್ಟಿಯಾಗಿ ಓದಿಸಿದರೆ ಅರ್ಧ ಕಷ್ಟ ಕಳೆಯುವುದು. ಬೇಕಾದವರು ನಮ್ಮಲ್ಲಿಗೆ ಬರಲಿ.

ದೂರದ ಭಯವು ಹಿಂದಿನಷ್ಟಿಲ್ಲ. ೨೦೨೩ರ ಜೂನಿನಲ್ಲಿ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರ ಟಿಕೇಟಿನ ಹಣ ಉಳಿದ ಮೇಲೆ, ಹಳ್ಳಿಗಳಿಂದ ಚಿಕ್ಕಬಳ್ಳಾಪುರದವರೆಗೂ ಹೋಗಿ ಓದುವ ಹುಡುಗಿಯರು ನಮಗೇ ಪರಿಚಿತರಾಗಿದ್ದಾರೆ. ಆದರೂ ಕೊನೆಯ ಬಸ್ಸಿನ ಹೊತ್ತನ್ನು ವಿಚಾರಿಸದೆ ಸೇರಿಸಬಾರದು. ಲ್ಯಾಬೊರೇಟರಿಯು ಐದಕ್ಕೆ ಬಿಟ್ಟು ಬಸ್ಸು ಐದಕ್ಕೇ ಹೊರಡುವುದಾದರೆ, ಆ ಕೋರ್ಸು ಅವಳ ಪಾಲಿಗೆ ಇಲ್ಲವೆಂದೇ ತಿಳಿಯಬೇಕು, ಅಥವಾ ಹಾಸ್ಟೆಲನ್ನು ಹುಡುಕಬೇಕು.

ನಮ್ಮ ತಾಲ್ಲೂಕಿನ ಹೊಸೂರಿನವರಾದ ಡಾಕ್ಟರ್ ಎಚ್. ನರಸಿಂಹಯ್ಯನವರು ೧೯೩೫ರಲ್ಲಿ, ಬಸ್ಸಿಗೆ ಹಣವಿಲ್ಲದೆ, ಐವತ್ತು ಮೈಲಿಯಷ್ಟು ದಾರಿಯನ್ನು ನಡೆದು ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ಸೇರಿದುದನ್ನು ಎಲ್ಲ ಶಾಲೆಗಳಲ್ಲಿಯೂ ಹೇಳುವರು. ೧೯೪೨ರಲ್ಲಿ ಚಳವಳಿಗೆ ಧುಮುಕಿ ಓದನ್ನು ನಿಲ್ಲಿಸಿದರು, ಸೆರೆಮನೆಗೆ ಹೋದರು. ಮತ್ತೆ ಬಂದು ೧೯೪೬ರಲ್ಲಿ ಎಂ.ಎಸ್‌ಸಿ. ಮುಗಿಸಿದರು, ೧೯೬೦ರಲ್ಲಿ ಅಮೆರಿಕದಿಂದ ಡಾಕ್ಟರೇಟು ತಂದರು, ಬೆಂಗಳೂರು ವಿಶ್ವವಿದ್ಯಾನಿಲಯದ ವೈಸ್ ಛಾನ್ಸೆಲರಾದರು. ಈ ಕಥೆಯನ್ನು ನಾವೂ ಹೇಳುತ್ತೇವೆ. ಆದರೆ ಹೇಳುವಾಗಲೆಲ್ಲ, ಅದೇ ವಯಸ್ಸಿನ ಹುಡುಗಿಯೊಬ್ಬಳು ಹೊಸೂರಿನಿಂದ ಹಾಗೆ ನಡೆದು ಹೊರಟಿದ್ದರೆ ಮನೆಯವರು ಮೊದಲನೆಯ ಮೈಲಿಯಲ್ಲಿಯೇ ಹಿಂದಕ್ಕೆ ಕರೆತರುತ್ತಿದ್ದರೆಂಬ ಯೋಚನೆ ಬರುವುದು. ಗಂಡುಮಗನ ಓದು ನಿಂತರೆ ಮತ್ತೆ ಆರಂಭವಾಗಬಹುದೆಂದು ಊರೇ ನಂಬುವುದು. ಹೆಣ್ಣುಮಗಳ ಓದು ನಿಂತರೆ ಮುಗಿಯಿತೆಂದು ಅವಳೇ ನಂಬುವಳು.

ಹಾಗೆ ಮುಗಿಯಿತೆಂದು ಕುಳಿತಿರುವ ನಮ್ಮ ಪೂರ್ವ ವಿದ್ಯಾರ್ಥಿನಿಯರಿಗೆ ಇಷ್ಟು ತಿಳಿಸುತ್ತೇವೆ: ಪಿ.ಯು.ಸಿ. ಯನ್ನು ಹೊರಗಿನ ಅಭ್ಯರ್ಥಿಯಾಗಿ ಬರೆಯಲು ಈಗಲೂ ಅವಕಾಶವಿದೆ, ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಬಿ.ಎ. ಗೂ ಬಿ.ಕಾಂ. ಗೂ ಇದೆ. ತಮ್ಮ ಹಳೆಯ ಅಂಕಪಟ್ಟಿ ಕಳೆದುಹೋಗಿದ್ದರೆ ಪ್ರವೇಶದ ರಿಜಿಸ್ಟರು ನಮ್ಮ ಬೀರುವಿನಲ್ಲಿದೆ. ಹೆಸರನ್ನೂ ತೇರ್ಗಡೆಯಾದ ವರ್ಷವನ್ನೂ ಬರೆದು ತಿಳಿಸಿದರೆ ಅದರಿಂದ ನಕಲು ತೆಗೆದುಕೊಟ್ಟು, ಮಂಡಲಿಗೆ ಅರ್ಜಿ ಹಾಕಲು ನೆರವಾಗುವೆವು. ತಂದೆತಾಯಿಗಳಲ್ಲಿ ಒಂದು ವಿಜ್ಞಾಪನೆ. ಫಲಿತಾಂಶದ ಮರುದಿನ ಬರುವಾಗ, ಸೇರಬೇಕೆಂದಿರುವ ಸಂಸ್ಥೆಯ ಹೆಸರನ್ನೂ ಪರೀಕ್ಷೆ ನಡೆಸುವವರ ಹೆಸರನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿರಿ. ಮಗಳನ್ನು ಹೊರಕ್ಕೆ ಕಳುಹಿಸಬೇಡಿರಿ. ಈ ವರ್ಷ ನಮ್ಮ ಮೇಜಿನ ಎದುರಿಗೆ ಎರಡು ಕುರ್ಚಿಗಳ ಬದಲು ಮೂರು ಹಾಕಿಸಿದ್ದೇವೆ.